ಹುಣಸೆ ಮರ ಯಾರದೆಂದು ಕೇಳುತ್ತ ತಿರುಗಿದವರು

ನಮ್ಮ ದೊಡ್ಡ ಮೇಡಂ ಹೋದರಂತೆ. ಪಾವಗಡದ ಕಡೆಯಿಂದ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆ ಜಗಲಿಯಲ್ಲಿ ಕೂತು, ಕಾಫಿ ಲೋಟ ಕೆಳಗಿಡುತ್ತ ಹೇಳಿದಳು. ಹೋಗಿ ಆಗಲೇ ತಿಂಗಳ ಮೇಲಾಗಿತ್ತಂತೆ. ನನಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಬದುಕಿದ್ದಾಗ ಅರ್ಥವಾಗದ ಮನುಷ್ಯರು ಹೀಗೆ ಹೇಳದೆ ಕೇಳದೆ ಹೋಗಿಬಿಟ್ಟರೆ ಉಳಿದವರು ಯಾರನ್ನು ಕೇಳಬೇಕು? ಅದರಲ್ಲೂ ಜನ್ಮದಲ್ಲಿ ಹೇಳದೆ ಕೇಳದೆ ಏನನ್ನೂ ಮಾಡದಿದ್ದವರು ಅವರು.

ನಾನು ಕೊರಟಗೆರೆಯವಳು. ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ನನಗೆ ಟೀಚರ್ ಕೆಲಸ ಸಿಕ್ಕಿತು. ಬಡವನಹಳ್ಳಿ ದಾಟಿ ಸಿರಾ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಹಳ್ಳಿ. ಅಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಪ್ರೈಮರಿ ಶಾಲೆ ಇತ್ತು. ಸ್ವಂತ ಕಟ್ಟಡವಿರಲಿಲ್ಲ. ಸಿರಾದ ಸಾಹೇಬರೊಬ್ಬರ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಮುಂದಿನ ದೊಡ್ಡ ಕೋಣೆ ಮತ್ತು ಪಡಸಾಲೆ ಶಾಲೆಗೆ, ಹಿಂದಿನ ಸಣ್ಣ ಕೋಣೆ ಟೀಚರುಗಳ ವಾಸಕ್ಕೆ. ಟೀಚರುಗಳೆಂದರೆ ನಾವಿಬ್ಬರೇ. ದೊಡ್ಡ ಮೇಡಂ ಹೆಡ್ಡು, ಮಿಕ್ಕಿದ್ದೆಲ್ಲ ನಾನು.

ಅವರು ಪಾವಗಡದವರು. ಕುಳ್ಳಗೆ, ಕಪ್ಪಗೆ, ಹಣೆಯ ತುಂಬ ಕುಂಕುಮ. ಮಳೆಯೇ ಅಪರೂಪವಾದ ಸೀಮೆಯಲ್ಲಿ ವರ್ಷವಿಡೀ ಕೈಯಲ್ಲಿ ಗಂಡಸರ ಕಪ್ಪು ಕೊಡೆ. ಸೊಂಟದಲ್ಲಿ ನಶ್ಯದ ಡಬ್ಬಿ. ಪಾಠದ ನಡುವೆ ನಶ್ಯ ಬೇಕೆನಿಸಿದರೆ ಕದ್ದುಮುಚ್ಚಿ ಏರಿಸುವವರಲ್ಲ, ಕ್ಲಾಸನ್ನೇ ಕೇಳುವರು. “ಒಂದು ಚಿಟಿಕೆ ಏರಿಸ್ಲೇನ್ರಮ್ಮ?” ಮಕ್ಕಳೆಲ್ಲ ಒಟ್ಟಿಗೆ “ಏರಿಸಿ ಮೇಡಂ!” ಎಂದು ಕಿರುಚುವವು. ಒಂದು ದಿನ ಹಟಮಾರಿ ಹುಡುಗಿಯೊಬ್ಬಳು “ಬ್ಯಾಡಿ” ಅಂದಳು. ಇವರು ಡಬ್ಬಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆಯ ಗಂಟೆ ಹೊಡೆಯುವವರೆಗೂ ಆಕಳಿಸುತ್ತ, ಸಿಡಿಮಿಡಿಗುಟ್ಟುತ್ತ ಪಾಠ ಮಾಡಿದರು. ಆ ದಿನ ಪೆಟ್ಟು ತಿಂದವರಲ್ಲಿ ಹೆಚ್ಚಿನವರು “ಏರಿಸಿ” ಅಂದವರೇ.

ಕೇಳುವುದು ಅವರ ರೋಗ. ಅದಕ್ಕೆ ಬೇರೆ ಹೆಸರು ನನಗೆ ಸಿಕ್ಕಿಲ್ಲ. ಬೇಲಿಯ ಮೇಲಿನ ಹೂವು ಕೀಳಬೇಕಾದರೂ ಆ ಹೊಲದವರನ್ನು ಕೂಗಿ ಕೇಳಬೇಕು. ಹೊಲದವರು ಕಾಣದಿದ್ದರೆ ಅವತ್ತು ನಮ್ಮ ತಲೆಗೆ ಹೂವಿಲ್ಲ. ಬಸ್ಸು ಹತ್ತಿದರೆ ಖಾಲಿ ಸೀಟಿನ ಮುಂದೆ ನಿಂತು ಪಕ್ಕದವರನ್ನು “ಇಲ್ಲಿ ಯಾರಾದ್ರೂ ಬರೋರಿದಾರಾ?” ಎಂದು ಕೇಳಿ, ಹಿಂದಿನವರನ್ನು ಕೇಳಿ, ಕಂಡಕ್ಟರನ್ನು ಕೇಳುವ ಹೊತ್ತಿಗೆ ಬೇರೆ ಯಾರೋ ಕೂತುಬಿಟ್ಟಿರುತ್ತಿದ್ದರು. ಮಧುಗಿರಿಯವರೆಗೆ ನಾನೂ ಅವರ ಜೊತೆ ನಿಲ್ಲಬೇಕು. ನಾನು ರೇಗಿದರೆ ತಮ್ಮ ಕಡೆಯ ತೆಲುಗು ಗಾದೆ ಹೇಳುವರು: “ಅಡಗನಿದೇ ಅಮ್ಮೈನಾ ಪೆಟ್ಟದು.” ಕೇಳದಿದ್ದರೆ ಹೆತ್ತ ತಾಯಿ ಕೂಡ ಬಡಿಸುವುದಿಲ್ಲ ಎಂದು. ಸರಿ, ಒಪ್ಪಿದೆ. ಕೇಳಿದ ಮೇಲೂ ಬಡಿಸದವರಿಗೆ ಏನು ಮಾಡಬೇಕೆಂದು ಮಾತ್ರ ಆ ಗಾದೆಯಲ್ಲಿಲ್ಲ.

ಅವರ ಯಜಮಾನರು ಪಾವಗಡದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ತಿಂಗಳಿಗೊಮ್ಮೆ ಕಡಲೆಕಾಯಿ ಗಂಟು ಹೊತ್ತುಕೊಂಡು ಬರುವರು. ಸಾಧು ಮನುಷ್ಯ, ಮಾತು ಮುಕ್ಕಾಲು ತೆಲುಗು. ಒಮ್ಮೆ ಊಟಕ್ಕೆ ಕೂತಿದ್ದಾಗ ಅವರೇ ಹೇಳಿದ್ದು ಇದು: ಮದುವೆಯ ಹಸೆಯ ಮೇಲೆ ಪುರೋಹಿತರು ತಾಳಿ ಕಟ್ಟಿ ಎಂದಾಗ ಈಕೆ ತಲೆಯೆತ್ತಿ, “ಈ ಅಬ್ಬಾಯಿನಿ ಎವರೈನಾ ಅಡಿಗಾರಾ?” ಅಂದರಂತೆ. ಈ ಹುಡುಗನನ್ನು ಯಾರಾದರೂ ಕೇಳಿದಿರಾ ಎಂದು. ವಾಲಗದವರು ಊದುವುದನ್ನೇ ನಿಲ್ಲಿಸಿಬಿಟ್ಟರಂತೆ.

“ಆಗ ನೀವೇನಂದ್ರಿ?” ಎಂದೆ.

“ನಂಗೆ ಗಾಬರಿ. ನೀವೇ ಏನಾದ್ರೂ ಹೇಳಿಬಿಡಿ, ಅಂದೆ,” ಎಂದು ಅವರು ನಕ್ಕರು. ಮೇಡಂ ನಗಲಿಲ್ಲ. “ಕೇಳಿದ್ದು ತಪ್ಪಾ?” ಎಂದು ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ.

ಇಂಥವರ ಕೊರಳಿಗೆ ಆ ಹುಣಸೆ ಮರ ಬಂದು ಬಿತ್ತು. ಬಿದ್ದಿದ್ದರೆ ವಾಸಿಯಿತ್ತು. ಬೀಳದೆ ನಿಂತಿದ್ದೇ ಕಷ್ಟವಾಯಿತು.

ಮರ ನಮ್ಮ ಶಾಲೆಯ ಗೋಡೆಗೂ ರಸ್ತೆಯ ಚರಂಡಿಗೂ ನಡುವೆ ಇತ್ತು. ಸಿರಾ ರಸ್ತೆಯ ಉದ್ದಕ್ಕೂ ಯಾವುದೋ ಕಾಲದಲ್ಲಿ ಸಾಲಾಗಿ ನೆಟ್ಟ ಹುಣಸೆ ಮರಗಳು, ಅದರಲ್ಲಿ ಇದೂ ಒಂದು. ಇಬ್ಬರು ತಬ್ಬಿದರೂ ಕೈ ಕೂಡದ ಬುಡ. ಅದರ ಒಂದು ದೊಡ್ಡ ಕೊಂಬೆ ನಮ್ಮ ಹೆಂಚಿನ ಮೇಲೆ ಹಾದು ಆ ಕಡೆ ಇಳಿದಿತ್ತು. ಆ ವರ್ಷ ಆಷಾಢದ ಗಾಳಿ ಬೀಸತೊಡಗಿದಾಗ ಆ ಕೊಂಬೆ ಬುಡದ ಹತ್ತಿರ ಸೀಳಿಕೊಂಡಿತು. ಗಾಳಿ ಬಂದಾಗಲೆಲ್ಲ ಹಳೆಯ ಬಾಗಿಲು ತೆರೆದ ಹಾಗೆ ಕಿರ್ರೆನ್ನುವುದು. ನಾವು ಮಕ್ಕಳನ್ನೆಲ್ಲ ದೊಡ್ಡ ಕೋಣೆಯಿಂದ ಎಬ್ಬಿಸಿ ಪಡಸಾಲೆಗೆ ತಂದು ಒತ್ತಿ ಕೂರಿಸಿದೆವು. ನಾಲ್ಕು ತರಗತಿ, ಒಂದು ಪಡಸಾಲೆ. ಒಂದು ಕಡೆ ಮಗ್ಗಿ, ಒಂದು ಕಡೆ ಪದ್ಯ. ನನಗೆ ತಲೆ ಚಿಟ್ಟು ಹಿಡಿದು ಹೋಗುತ್ತಿತ್ತು.

ಅದೇ ಹೊತ್ತಿಗೆ ಶಾಲಾ ಇನ್‌ಸ್ಪೆಕ್ಟರು ಬಂದರು. ಕೊಂಬೆ ನೋಡಿದರು, ಪಡಸಾಲೆ ನೋಡಿದರು, ಅಂಗಳದಲ್ಲೇ ನಿಂತು ಹೇಳಿದರು: “ಏನಾದ್ರೂ ಆದ್ರೆ ಯಾರಮ್ಮ ಜವಾಬ್ದಾರಿ? ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬರ್ತೀನಿ. ಅಷ್ಟರೊಳಗೆ ಇದು ಹೋಗಿರ್ಬೇಕು. ಇಲ್ಲ ಅಂದ್ರೆ ಶಾಲೆ ಮುಚ್ಚಿ ಮಕ್ಕಳನ್ನ ಗಂಡುಮಕ್ಕಳ ಶಾಲೆಗೆ ಸೇರಿಸೋದೇ.”

ಸೇರಿಸುವುದೆಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ಗಂಡುಮಕ್ಕಳ ಶಾಲೆ ಊರಿನ ಇನ್ನೊಂದು ತುದಿಯಲ್ಲಿತ್ತು, ದೂರವೇನಲ್ಲ. ಆದರೆ ಆ ದಿನ ಸಂಜೆಯೇ ಮಗಳನ್ನು ಕರೆದೊಯ್ಯಲು ಬಂದ ಒಬ್ಬ ತಾಯಿ ಹೇಳಿದಳು: “ಅಲ್ಗಂತೂ ನಾ ಕಳ್ಸಾಕಿಲ್ಲ ಕಣವ್ವ. ಅವರಪ್ಪ ಒಪ್ತಾರಾ? ಮನೇಲಿ ಕೂಸು ಎತ್ಕಂಡಿರ್ಲಿ ಬುಡಿ.” ಸಾಬರ ಕೇರಿಯಿಂದ ಬರುತ್ತಿದ್ದ ಹುಡುಗಿಯರಂತೂ ಹೆಣ್ಣುಮಕ್ಕಳ ಶಾಲೆ ಎಂಬ ಒಂದೇ ಕಾರಣಕ್ಕೆ ಬರುತ್ತಿದ್ದರು. ಶಾಲೆ ಮುಚ್ಚಿದರೆ ಆ ಊರಿನಲ್ಲಿ ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗಿದ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ನಾಲ್ಕು ಆಳು ಕರೆಸಿ ಕೊಂಬೆ ಕಡಿಸಿಬಿಡುತ್ತಿದ್ದರು. ಊರ ಪಟೇಲರು ಹಾಗೆಯೇ ಹೇಳಿದರು. ಅವರಿಗೆ ಅದರಲ್ಲಿ ಸ್ವಂತ ಆಸೆಯೂ ಇತ್ತು. ಅವರ ಎಣ್ಣೆ ಗಾಣ ಹಳೆಯದಾಗಿತ್ತು, ಗಾಣಕ್ಕೆ ಹುಣಸೆ ಬುಡದಂಥದ್ದು ಇನ್ನೊಂದಿಲ್ಲ. “ಮೇಡಮ್ನೋರೆ, ಇದ್ಯಾಕೆ ಇಂಗೆ ತಲೆ ಕೆಡಿಸ್ಕಂತೀರ? ಒಂದಿನ ಎಲ್ಲಾದ್ರೂ ಹೋಗ್ಬುಡಿ. ನೀವು ಬರೋ ಹೊತ್ಗೆ ಮರಾನೇ ಇರಾಕಿಲ್ಲ. ಯಾವನ್ ಕೇಳ್ತಾನೆ?”

“ನಾನು ಕೇಳ್ತೀನಲ್ಲ ಪಟೇಲ್ರೆ,” ಎಂದರು ಮೇಡಂ. “ಈ ಮರಕ್ಕೆ ಕಾನೂನು ಇದೆಯೋ ಇಲ್ವೋ, ಮೊದಲು ಅದು ಗೊತ್ತಾಗ್ಬೇಕು.”

ಮೊದಲು ಮನೆಯ ಯಜಮಾನರನ್ನೇ ಕೇಳಿದರು. ಸಾಹೇಬರಿಗೆ ಸಿರಾದಲ್ಲಿ ಹುಣಸೆಹಣ್ಣಿನ ವ್ಯಾಪಾರ. ರಸ್ತೆ ಸಾಲಿನ ಮರಗಳ ಫಸಲನ್ನು ಸರ್ಕಾರ ವರ್ಷ ವರ್ಷವೂ ಹರಾಜು ಹಾಕುತ್ತಿತ್ತು, ನಮ್ಮ ಮರದ ಫಸಲನ್ನು ತಲೆತಲಾಂತರದಿಂದ ಹಿಡಿಯುತ್ತಿದ್ದವರು ಅವರ ಮನೆಯವರೇ. ನಮ್ಮ ಹಳ್ಳಿಯ ಸಾಬರ ಕೇರಿಯಲ್ಲಿ ಅವರ ತಂಗಿಯ ಮನೆ ಇತ್ತು, ತಂಗಿಯ ಹೆಣ್ಣುಮಕ್ಕಳು ನಮ್ಮ ಶಾಲೆಯಲ್ಲಿದ್ದರು. ದೊಡ್ಡ ಶರೀರ, ಮೆಲುಮಾತು. ಮೇಡಂ ಕೇಳಿದಾಗ ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಅರೆ, ಮೇಡಮ್ಮ, ಮನೆ ಯಜಮಾನನ್ನ ಕೇಳಿದ್ರೆ ಇವತ್ತೇ ಬುಡಸಮೇತ ತೆಗೀರಿ ಅಂತೀನಿ, ಬೇರು ನನ್ ಗೋಡೆ ಎತ್ತತಾ ಇದೆ. ಫಸಲು ಹಿಡಿಯೋನನ್ನ ಕೇಳಿದ್ರೆ ಬಿಲ್ಕುಲ್ ಬೇಡ ಅಂತೀನಿ. ಇಬ್ರೂ ನಾನೇ. ಏನ್ ಮಾಡ್ಲಿ ಹೇಳಿ?”

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ರಜೆ ಬಂತೆಂದರೆ ಕೊಡೆ ಹಿಡಿದು ಹೊರಡುವರು, ಜೊತೆಗೆ ನಾನು. ರಸ್ತೆಯ ಓವರ್‌ಸಿಯರು ಬಂದು ಟೇಪು ಹಿಡಿದು ಅಳೆದರು. ರಸ್ತೆಯ ಗಡಿ ಸರಿಯಾಗಿ ಮರದ ನಡುವೆ ಹಾದುಹೋಯಿತು. “ಅರ್ಧ ಮರ ನಮ್ಮದು, ಇನ್ನರ್ಧ ನಮ್ಮದಲ್ಲ,” ಎಂದರು ಅವರು.

“ಸೀಳಿರೋ ಕೊಂಬೆ ಯಾವ ಅರ್ಧದ್ದು?”

“ಅದು ಆ ಕಡೆ ಅರ್ಧದ್ದು. ನಮಗೆ ಸಂಬಂಧ ಇಲ್ಲ. ಆದ್ರೆ ಕಡಿದಾಗ ನಮ್ಮ ಅರ್ಧಕ್ಕೆ ಪೆಟ್ಟಾಗ್ಬಾರ್ದು.”

ಕಾಡಿನ ಇಲಾಖೆಯ ಒಬ್ಬರನ್ನು ಕೇಳಿದೆವು. ಆಗ ಗಂಧದ ಮರವೆಂದರೆ ಜನಕ್ಕೆ ನಡುಕ. ನಿಮ್ಮ ಹಿತ್ತಿಲಲ್ಲೇ ಹುಟ್ಟಿದರೂ ಅದು ಸರ್ಕಾರದ್ದು, ಯಾರಾದರೂ ಕದ್ದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ. ಆ ಭಯಕ್ಕೆ ಎಷ್ಟೋ ಜನ ಗಂಧದ ಸಸಿ ಕಂಡರೆ ಬೆರಳುದ್ದ ಇರುವಾಗಲೇ ಕಿತ್ತೆಸೆಯುತ್ತಿದ್ದರು. ಹಾಗಾಗಿ ಆತ ಕೇಳಿದ ಮೊದಲ ಮಾತೇ, “ಗಂಧದ ಮರವಾ?”

“ಅಲ್ಲ. ಹುಣಸೆ.”

“ಮತ್ತೆ ನಮ್ಮನ್ಯಾಕೆ ಕೇಳ್ತೀರಿ?”

“ಹಾಗಾದ್ರೆ ಕಡೀಬಹುದಾ?”

“ಅಯ್ಯೋ, ಹಂಗೆಲ್ಲ ಹಸಿ ಮರ ಕಡಿಯೋಕಾಗುತ್ತಾ?”

“ಯಾವ ಕಾನೂನಿನ ಪ್ರಕಾರ ಕಡೀಬಾರ್ದು?”

“ಅದನ್ನ ನೋಡಿ ಹೇಳ್ಬೇಕು. ನೋಡೋರು ರಜಾದಲ್ಲಿದ್ದಾರೆ.”

ಕಂದಾಯದ ಗುಮಾಸ್ತರೊಬ್ಬರು ಮಾತ್ರ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಪಾಪ ನೀರು ಕೊಟ್ಟರು. “ನೋಡಿಯಮ್ಮ, ಈ ಮರಕ್ಕೆ ಅಪ್ಪಣೆ ಬೇಡ ಅಂತ ಹೇಳೋ ಅಧಿಕಾರ ನನಗಿಲ್ಲ. ಬೇಕು ಅಂತ ಹೇಳೋ ಅಧಿಕಾರಾನೂ ಇಲ್ಲ.”

“ಹಣ್ಣು ಹರಾಜು ಹಾಕೋರು ನೀವೇ ಅಲ್ವಾ?”

“ಹಣ್ಣು ನಮ್ಮದು. ಮರದ ವಿಷಯ ಬೇರೆ.”

ಹೊರಗೆ ಬಂದ ಮೇಲೆ ನಾನು ಸಿಟ್ಟು ತಡೆಯಲಾರದೆ ಹೇಳಿದೆ: “ಬುಡ ಅರ್ಧ ಒಬ್ಬರದು, ಹಣ್ಣು ಒಬ್ಬರದು, ಗೋಡೆ ಒಬ್ಬರದು, ತಲೆ ಮಾತ್ರ ನಮ್ಮ ಮಕ್ಕಳದು!” ಮೇಡಂ ಕೊಡೆ ಬಿಚ್ಚಿಕೊಂಡು ನಡೆದರು. ಸ್ವಲ್ಪ ದೂರ ಹೋದ ಮೇಲೆ, “ಇನ್ನೂ ಯಾರನ್ನ ಕೇಳೋದು ಬಾಕಿ ಇದೆ?” ಎಂದು ನನ್ನನ್ನೇ ಕೇಳಿದರು.

ನನಗೆ ಗೊಂದಲವಾಗುತ್ತಿದ್ದದ್ದು ಕಚೇರಿಗಳಿಂದ ಮಾತ್ರವಲ್ಲ. ಅವರಿಂದಲೂ. ಹೊರಗೆ ಹೋದರೆ ಮರ ತೆಗೆಯಬಹುದೇ ಎಂಬ ಒಂದೇ ಜಪ. ಮನೆಗೆ ಬಂದರೆ ಸಂಜೆ ಆ ಬುಡಕ್ಕೇ ಬೆನ್ನು ಆನಿಸಿ ಕಾಲು ಚಾಚಿ ಕೂರುವರು. ಹುಡುಗಿಯೊಬ್ಬಳು ಉಯ್ಯಾಲೆ ಹಗ್ಗ ಕಟ್ಟಲು ಮರಕ್ಕೆ ಮೊಳೆ ಹೊಡೆದಾಗ, “ಕೇಳಿದೇನೇ ಅದನ್ನ?” ಎಂದು ಕಿವಿ ಹಿಂಡಿದರು. ಅದನ್ನ ಎಂದರೆ ಮರವನ್ನ. ಆಮೇಲೆ ಬಚ್ಚಲ ನೀರನ್ನು ಬುಡಕ್ಕೆ ತಿರುಗಿಸಿದರು. ತೆಗೆಯಬೇಕಾದ ಮರಕ್ಕೆ ಯಾರಾದರೂ ನೀರು ಹಾಯಿಸುತ್ತಾರೆಯೇ? ಕೇಳಬೇಕೆಂದು ಬಾಯಿಗೆ ಬಂತು. ಆದರೆ ಅವರು ಹೆಡ್ಡು.

ದೀಪಾವಳಿ ಕಳೆಯಿತು. ಒಂದು ಕಚೇರಿಯಿಂದಲೂ ಉತ್ತರವಿಲ್ಲ. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಮಕ್ಕಳ ಸಂಖ್ಯೆ ಆಗಲೇ ಇಳಿಯತೊಡಗಿತ್ತು. ಮುಚ್ಚುವ ಶಾಲೆಗೆ ಯಾಕೆ ಕಳಿಸಬೇಕೆಂದು ಕೆಲವರು ಮಗಳನ್ನು ಕಳೆ ಕೀಳಲು ಹಾಕಿಕೊಂಡರು. ಮೇಡಂ ಮನೆಮನೆಗೆ ಹೋಗಿ ಕರೆದರು. ಒಂದು ಮನೆಯಿಂದ ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. ನಶ್ಯವಲ್ಲ, ಅತ್ತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣಕ್ಕೆ ಇಳಿದುಹೋಯಿತು.

ಮರುದಿನ ಸಾಹೇಬರು ಬಾಡಿಗೆ ವಿಚಾರಕ್ಕೆ ಬಂದಿದ್ದರು. ಮೇಡಂ ಅವರನ್ನು ಹೊಸದೊಂದು ಪ್ರಶ್ನೆ ಕೇಳಿದರು: “ಫಸಲು ಹಿಡಿದೋರಿಗೆ ಮರದ ಮೇಲೆ ಏನೇನು ಹಕ್ಕಿರುತ್ತೆ?”

“ಸುಗ್ಗಿ ಮುಗಿಯೋವರೆಗೂ ಹತ್ತಬಹುದು, ಬಡೀಬಹುದು. ಹಣ್ಣು ಇಳಿಸೋಕೆ ಅಡ್ಡ ಬರೋ ಕೊಂಬೆ ಸವರ್ಕೋಬಹುದು. ಬುಡ ಮುಟ್ಟಂಗಿಲ್ಲ. ನಮ್ಮ ಅಬ್ಬಾ ಕಾಲದಿಂದ್ಲೂ ಹಂಗೇ.”

“ಎಷ್ಟು ದಪ್ಪದ ಕೊಂಬೆ ಸವರ್ಬಹುದು?”

“ಅದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಮೇಡಮ್ಮ.”

“ಹಾಗಾದ್ರೆ ಈ ಸಲ ಫಸಲು ಹಿಡಿದ ಕೂಡ್ಲೇ ಆ ಕೊಂಬೆ ಸವರಿಸಿಬಿಡ್ತೀರಾ?”

ಸಾಹೇಬರ ಮುಖ ಬಾಡಿತು. “ಅರ್ಧ ಕಾಯಿ ಇರೋದೇ ಆ ಕೊಂಬೇಲಿ! ಹಣ್ಣಾಗ್ಲಿ, ಇಳಿಸ್ಕೊಂಡು, ಯುಗಾದಿ ಹೊತ್ತಿಗೆ ತೆಗೆಸ್ತೀನಿ.” ಯುಗಾದಿಗೆ ತೆಗೆಸಿದರೆ ಸಂಕ್ರಾಂತಿಗೆ ಹೋಗುವ ಶಾಲೆ ಉಳಿಯುವುದಿಲ್ಲ. ಇನ್ನು ಕೇಳಲು ಯಾರೂ ಉಳಿದಿಲ್ಲ, ಕಥೆ ಮುಗಿಯಿತು ಎಂದುಕೊಂಡೆ.

ಕಾರ್ತೀಕ ಮುಗಿದು ಸ್ವಲ್ಪ ದಿನಕ್ಕೆ ಚಾವಡಿಯಲ್ಲಿ ಹರಾಜು. ತಳವಾರ ತಮಟೆ ಬಡಿದು ಊರಿಗೆಲ್ಲ ಸಾರಿದ. ಕಂದಾಯದ ಶೇಕ್‌ದಾರರು ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಸಿರಾ, ಮಧುಗಿರಿ ಕಡೆಯ ವ್ಯಾಪಾರಿಗಳು, ಊರ ಗಂಡಸರು. ಮೇಡಂ ನನ್ನನ್ನೂ ಕರೆದುಕೊಂಡು ಹೋಗಿ ಚಾವಡಿಯ ಕಂಬದ ಪಕ್ಕ ನಿಂತರು. ಶಾಲೆಯ ವಿಷಯ ಅರಿಕೆ ಮಾಡಿಕೊಳ್ಳಲು ಬಂದಿದ್ದಾರೆಂದು ಎಲ್ಲರೂ ತಿಳಿದರು, ನಾನೂ ಹಾಗೇ ತಿಳಿದೆ. ಮರಗಳನ್ನು ಒಂದೊಂದಾಗಿ ಕೂಗುತ್ತ ಬಂದು ನಮ್ಮ ಮರದ ಸರದಿ ಬಂತು. ಅದು ಸಾಹೇಬರದೇ ಎಂದು ಲೆಕ್ಕ, ಅವರ ಎದುರು ಯಾರೂ ಕೂಗುವುದಿಲ್ಲ. ಸಾಹೇಬರು ಮಾಮೂಲಿನಂತೆ ಒಂದು ಮಾತು ಕೂಗಿದರು. ಶೇಕ್‌ದಾರರು ಬರೆದುಕೊಳ್ಳಲು ಬಗ್ಗಿದರು.

“ಸ್ವಾಮಿ, ಹೆಂಗಸರು ಸವಾಲು ಕೂಗಬಹುದಾ?” ಎಂದರು ಮೇಡಂ.

ಶೇಕ್‌ದಾರರು ಕನ್ನಡಕ ಸರಿಮಾಡಿಕೊಂಡು, “ಕೂಗಬಾರದು ಅಂತ ಎಲ್ಲೂ ಇಲ್ಲ,” ಎಂದರು.

“ಕೂಗಬಹುದು ಅಂತ ಇದೆಯಾ?”

“ಅದೂ ಇಲ್ಲ.”

ಇಷ್ಟು ತಿಂಗಳೂ ಎಲ್ಲ ಕಚೇರಿಯಲ್ಲೂ ಕೇಳಿದ್ದ ಉತ್ತರವೇ ಅದು. ಇನ್ನು ಇವರು ಕೊಡೆ ಎತ್ತಿಕೊಂಡು ಮೇಲಿನವರನ್ನು ಕೇಳಲು ಹೊರಡುತ್ತಾರೆ ಎಂದುಕೊಂಡೆ. ಕೊಡೆಯನ್ನೇನೋ ಎತ್ತಿದರು. ಎತ್ತಿ, ಸಾಹೇಬರಿಗಿಂತ ಮೇಲೆ ಕೂಗಿಬಿಟ್ಟರು.

ಸಾಹೇಬರು ಅಭ್ಯಾಸಬಲದಿಂದ ಏರಿಸಿದರು. ಮೇಡಂ ಮತ್ತೆ ಏರಿಸಿದರು. ಯಾರೋ ಎದುರಾಳಿ ವ್ಯಾಪಾರಿ ಇವರನ್ನು ಮುಂದೆ ಬಿಟ್ಟಿದ್ದಾನೆಂದು ಗುಸುಗುಸು ಎದ್ದಿತು. ಪಟೇಲರು, “ಮೇಡಮ್ಮಂಗೆ ಉಳಿ ಸಾರು ಅಂದ್ರೆ ಭಾಳ ಇಷ್ಟ ಅಂತ ಕಾಣ್ತದೆ!” ಎಂದರು, ಎಲ್ಲರೂ ಘೊಳ್ಳೆಂದು ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ಮೇಡಂ ಮುಖವನ್ನೇ ನೋಡುತ್ತ ನಿಂತರು. ಅವರಿಗೆ ಏನೋ ಹೊಳೆಯಿತು. “ಬಿಡಿ, ಮೇಡಮ್ಮಂಗೇ ಆಗ್ಲಿ,” ಎಂದು ಕೈ ಕೊಡವಿದರು. “ನಮ್ ತಂಗಿ ಮಕ್ಳೂ ಓದ್ತಾವೆ ಅಲ್ಲಿ.”

ಹಾಗೆ ನಮ್ಮ ಹೆಡ್ ಮೇಡಂ ಹುಣಸೆ ಫಸಲಿನ ಗುತ್ತಿಗೆದಾರರಾದರು. ಆ ವಾರವೇ ಆಳುಗಳು ಬಂದು, ಹಣ್ಣು ಇಳಿಸಲು ಅಡ್ಡ ಬರುವ ಕೊಂಬೆ ಎಂದು ಆ ಕೊಂಬೆಯನ್ನು ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಿದರು. ಒಂದು ಹೆಂಚೂ ಒಡೆಯಲಿಲ್ಲ. ಇಳಿಸಬೇಕಾದ ಹಣ್ಣಿನಲ್ಲಿ ಅರ್ಧ ಆ ಕೊಂಬೆಯಲ್ಲೇ ಕಾಯಾಗಿ ಇತ್ತು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಹುಡುಗಿಯರು ಹಸಿ ಹುಣಸೆಕಾಯಿಯನ್ನು ಉಪ್ಪು ಮೆಣಸಿನಕಾಯಿ ಹಚ್ಚಿ ತಿಂದು ತಿಂದು, ಎರಡು ದಿನ ಯಾರ ಹಲ್ಲಿಗೂ ಅನ್ನ ತಾಗಿಸಲು ಆಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇನ್‌ಸ್ಪೆಕ್ಟರು ಬಂದು ನೋಡಿದರು. ಮಕ್ಕಳು ದೊಡ್ಡ ಕೋಣೆಯಲ್ಲಿ ಕಾಲು ಚಾಚಿಕೊಂಡು ಮಗ್ಗಿ ಹೇಳುತ್ತಿದ್ದವು. “ಸರಿ, ನಡೆಸಿ,” ಎಂದು ಹೊರಟುಹೋದರು. ನಾನು ಖುಷಿಗೆ ಪಾಯಸ ಮಾಡಿದೆ. ಮೇಡಂ ಎರಡನೆಯ ಲೋಟಕ್ಕೆ ನನ್ನನ್ನು ಕೇಳಿಯೇ ಕೈ ಹಾಕಿದರು.

ಇಲ್ಲಿಗೇ ಮುಗಿದಿದ್ದರೆ ನನಗೆ ಈ ಗೋಳಿರಲಿಲ್ಲ.

ಕೊಂಬೆ ಹೋದ ಮೇಲೆ ಪಟೇಲರಿಗೆ ಧೈರ್ಯ ಬಂತು. ಸಾಹೇಬರ ಕಿವಿಯಲ್ಲಿ ಊದಿದರು. ಬುಡ ನನಗೆ, ಗೋಡೆ ನಿನಗೆ ಎಂದು ಇಬ್ಬರೂ ಮಾತಾಡಿಕೊಂಡು ಮೇಡಂ ಹತ್ತಿರ ಬಂದರು. “ಕೊಂಬೆ ಕಡ್ದಾಗ ಯಾವನಾದ್ರೂ ಬಂದ್ನಾ? ಕಾನೂನು ಅನ್ನೋದಿದ್ರೆ ಬರ್ತಿರ್ಲಿಲ್ವಾ? ನಿಮ್ ಉಳ್ದಿರೋ ಹಣ್ಣು ಇಳಿಸ್ಕಳಿ. ಆಮೇಲೆ ಬುಡಾನ ನಾವು ನೋಡ್ಕಂತೀವಿ,” ಎಂದರು ಪಟೇಲರು. ಸಾಹೇಬರು ನೆಲ ನೋಡುತ್ತ, “ಗೋಡೆ ಬಿದ್ರೆ ನಾಳೆ ಶಾಲೆಗೇ ತೊಂದ್ರೆ ಅಲ್ವಾ ಮೇಡಮ್ಮ,” ಎಂದರು.

ಮೇಡಂ ಆ ಮಧ್ಯಾಹ್ನ ಕೂತು ಮೇಲಿನ ಅಧಿಕಾರಿಗಳಿಗೆ ಕಾಗದ ಬರೆದರು. ಈ ಮರದ ಕೊಂಬೆಯೊಂದನ್ನು ನಾನು ಕಡಿಸಿದ್ದೇನೆ, ಕಡಿಸಿದ್ದು ಸರಿಯೇ ತಪ್ಪೇ ತಿಳಿಸಬೇಕು ಎಂದು. ನಾನು ಅವರ ಹೆಗಲ ಮೇಲಿಂದ ಅದನ್ನು ಓದಿದೆ.

“ಮೇಡಂ, ನಿಮಗೇನಾದ್ರೂ ಹುಚ್ಚಾ? ಇರಲಾರದೆ ಇರುವೆ ಬಿಟ್ಕೋತಾರಾ ಯಾರಾದ್ರೂ?”

“ಕಡೀಬಹುದಾ ಅಂತ ಕೇಳಿದ್ರೆ ಯಾರೂ ಹೇಳ್ಲಿಲ್ಲ ಕಣಮ್ಮ. ಕಡಿದಿದೀನಿ ಅಂದ್ರೆ ಹೇಳ್ತಾರೇನೋ ನೋಡೋಣ,” ಎಂದು ಲಕೋಟೆಗೆ ಗೋಂದು ಹಚ್ಚಿದರು.

ಹೇಳಿದರು. ಅಷ್ಟು ತಿಂಗಳು ಬಾರದ ಉತ್ತರ ಈಗ ಜೀಪಿನಲ್ಲೇ ಬಂತು. ಅಧಿಕಾರಿಗಳು ಇಳಿದವರೇ ಕಡಿದ ಗಾಯ ನೋಡಿ ಕೂಗಾಡತೊಡಗಿದರು. ಊರೆಲ್ಲ ಸೇರಿತು. ಪಟೇಲರು, ಸಾಹೇಬರು, ಮಕ್ಕಳು, ಅವರ ತಾಯಂದಿರು ಎಲ್ಲರೂ ನೋಡುತ್ತಿದ್ದಂತೆ ಬೈದರು: “ಸರ್ಕಾರದ ಸಾಲುಮರ ಇದು. ಅಪ್ಪಣೆ ಇಲ್ಲದೆ ಒಂದು ರೆಂಬೆ ಮುಟ್ಟಿದ್ರೂ ಅಪರಾಧ. ನೌಕರಿಯಲ್ಲಿರೋರು ಹರಾಜು ಕೂಗಿದ್ದು ಇನ್ನೊಂದು ಅಪರಾಧ. ನಾಲ್ಕು ಅಕ್ಷರ ಕಲಿತೋರು ನೀವು, ಕೇಳಿ ಮಾಡೋದು ಗೊತ್ತಿಲ್ವಾ?”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕೇಳಿ ಮಾಡುವುದು ಗೊತ್ತಿಲ್ಲವೇ ಎಂದು ಆ ಮನುಷ್ಯ ಕೇಳಿದ್ದು ಯಾರನ್ನು! ಜಗಳಕ್ಕೆ ಬಾಯಿ ತೆರೆದೆ. ಮೇಡಂ ನನ್ನ ಸೆರಗು ಹಿಡಿದು ಹಿಂದಕ್ಕೆಳೆದರು. ಅವರ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಮುಖ ಅದು.

“ಸರ್, ರೆಂಬೆ ಮುಟ್ಟಿದ್ರೂ ಅಪರಾಧ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಜೋರಾಗಿ ಹೇಳ್ತೀರಾ? ಪಟೇಲ್ರು ದೂರ ನಿಂತಿದ್ದಾರೆ, ಅವರಿಗೆ ಕೇಳಿಸ್ಲಿಲ್ಲ.”

ಅಧಿಕಾರಿಗಳು ತಬ್ಬಿಬ್ಬಾದರು. ಆದರೂ ಹೇಳಿದರು, ಮೊದಲಿಗಿಂತ ಜೋರಾಗಿ. ಪಟೇಲರು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಮನೆ ಕಡೆ ನಡೆದರು. ಅವರ ಗಾಣಕ್ಕೆ ಆ ಬುಡ ಸಿಗಲಿಲ್ಲ. ಸಾಹೇಬರು ಆಮೇಲೆ ಗೋಡೆಗೆ ಕಲ್ಲಿನ ಆನಿಕೆ ಕಟ್ಟಿಸಿದರು.

ಮೇಡಂಗೆ ನಾಗಲಮಡಿಕೆ ಆಚೆಯ ಒಂದು ಹಳ್ಳಿಗೆ ವರ್ಗವಾಯಿತು. ಶಿಕ್ಷೆಯ ವರ್ಗ. ಅದು ಆಂಧ್ರದ ಗಡಿ, ಬಸ್ಸಿನಿಂದಿಳಿದು ಮತ್ತೆ ನಡೆಯಬೇಕು. ಸಾಹೇಬರ ತಂಗಿ ಬುರ್ಖಾ ಹಾಕಿಕೊಂಡು ಬಂದು, ಮೇಡಂ ಕೈ ಹಿಡಿದುಕೊಂಡು ಅತ್ತಳು. ಹುಡುಗಿಯರು ಟ್ರಂಕು ಹೊತ್ತು ತಂದು ಅದೇ ಹುಣಸೆ ಮರದ ಕೆಳಗೆ ಇಟ್ಟರು. ಬಸ್ಸು ನಿಲ್ಲುತ್ತಿದ್ದದ್ದು ಅಲ್ಲೇ.

ನನಗೆ ಒಳಗೇ ಕುದಿಯುತ್ತಿತ್ತು. ಇವರು ಏನು ಮಾಡಿದರು? ಕಡಿಯಬೇಕೆಂದು ಊರೂರು ಅಲೆದವರು. ಮರಕ್ಕೆ ನೀರು ಹಾಯಿಸಿದವರು. ಕೇಳದೆ ಮಾಡುವುದಿಲ್ಲ ಎಂದವರು, ಕೊಂಬೆಗೆ ಕೊಡಲಿ ಹಾಕಿಸಿದವರು. ಶಾಲೆ ಉಳಿಸಲು ಕಡಿದರು ಎನ್ನೋಣವೆಂದರೆ ಉಳಿದ ಮೇಲೆ ಕಾಗದ ಯಾಕೆ? ಮರ ಉಳಿಸಲು ತಪ್ಪೊಪ್ಪಿಕೊಂಡರು ಎನ್ನೋಣವೆಂದರೆ ಆ ಮರ ಹೋಗಲೆಂದು ಚಪ್ಪಲಿ ಸವೆಸಿದ್ದು ಯಾಕೆ? ಬಸ್ಸಿನ ಧೂಳು ದೂರದಲ್ಲಿ ಕಾಣಿಸಿದಾಗ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

“ಮೇಡಂ, ನಿಜ ಹೇಳಿ. ನಿಮಗೆ ಈ ಮರ ಹೋಗಬೇಕಿತ್ತಾ, ಉಳೀಬೇಕಿತ್ತಾ?”

ಅವರು ತಲೆಯೆತ್ತಿ ಕೊಂಬೆ ಹೋದ ಜಾಗವನ್ನು ನೋಡಿದರು. ಬಸ್ಸು ಬಂದು ನಿಂತಿತು. ಕಂಡಕ್ಟರು ಟ್ರಂಕನ್ನು ಮೇಲೆ ಹಾಕುತ್ತಿದ್ದ. ಮೇಡಂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದರು.

“ಅದು ನಂಗೆ ಗೊತ್ತಿದ್ದಿದ್ರೆ ಕಂಡಕಂಡೋರನ್ನೆಲ್ಲ ಯಾಕೆ ಕೇಳ್ಕೊಂಡು ತಿರುಗ್ತಿದ್ದೆ ಕಣಮ್ಮ?”

ಬಸ್ಸು ಹೊರಟಿತು. ಹುಡುಗಿಯರು ಸ್ವಲ್ಪ ದೂರ ಹಿಂದೆಯೇ ಓಡಿ ಧೂಳು ಕುಡಿದು ವಾಪಸು ಬಂದರು. ನಾನು ಗಂಟೆ ಹೊಡೆದು ಒಳಗೆ ಹೋಗಿ ಹಾಜರಿ ಕೂಗಿದೆ. ಕಳೆ ಕೀಳಲು ಹೋಗಿದ್ದವರೂ ಸೇರಿ ಎಲ್ಲರೂ ಬಂದಿದ್ದರು.